ತಂತಿಯಿಲ್ಲದ ಮಿಂಚುದೀಪ

ಔರಾದದ ಮನೆಯೊಂದರಲ್ಲಿ ಲಗ್ನದ ಚಿತ್ರಗಳ ಆಲ್ಬಮ್ಮನ್ನು ನಿಮ್ಮ ಮುಂದೆ ತೆರೆದಿಟ್ಟಿದ್ದಾರೆಂದು ಭಾವಿಸಿರಿ. ಮದುಮಗಳ ಮುಖ ಸುಣ್ಣ ಬಳಿದಂತೆ ಬೆಳ್ಳಗಿದೆ. ಮೂಗುತಿ ಎಲ್ಲಿದೆಯೆಂದು ಹುಡುಕಬೇಕು. ಬೆನ್ನ ಹಿಂದಿನ ಪರದೆಯ ಮೇಲೆ ಕರಿಯ ನೆರಳೊಂದು ಅಂಟಿಕೊಂಡಿದೆ. ಎರಡು ಮಾರು ಹಿಂದೆ ನಿಂತ ಸೋದರಮಾವ ಕತ್ತಲೆಯಲ್ಲಿ ಮುಳುಗಿಹೋಗಿದ್ದಾನೆ. ಚಿತ್ರ ತೆಗೆದವನು ಕ್ಯಾಮೆರಾಕ್ಕಾಗಿ ಸಾಲ ಮಾಡಿದ್ದರೂ ಮಾಡಿರಬಹುದು. ಆದರೆ ತಪ್ಪು ಕ್ಯಾಮೆರಾದ್ದಲ್ಲ, ಬೆಳಕು ಕಡಿಮೆಯಾದದ್ದೂ ಅಲ್ಲ. ತಪ್ಪು ಬೆಳಕು ನಿಂತ ಜಾಗದ್ದು.

ಕ್ಯಾಮೆರಾದ ನೆತ್ತಿಯ ಮೇಲೆ ಕುಳಿತ ಫ್ಲಾಶ್, ಲೆನ್ಸು ನೋಡುವ ದಿಕ್ಕಿನಿಂದಲೇ ಬೆಳಕನ್ನು ಚೆಲ್ಲುತ್ತದೆ. ಆಗ ನೆರಳೆಲ್ಲ ವಸ್ತುವಿನ ಹಿಂದೆ ಅಡಗುತ್ತದೆ. ನೆರಳಿಲ್ಲದೆ ಉಬ್ಬುತಗ್ಗು ತಿಳಿಯದು. ಬೀದರ ಕೋಟೆಯ ಗೋಡೆಯನ್ನು ನೀವು ನೋಡಿಯೇ ಇದ್ದೀರಿ. ಇಳಿಬಿಸಿಲು ಬದಿಯಿಂದ ಬಿದ್ದಾಗ ಅದರ ಒಂದೊಂದು ಕಲ್ಲೂ ಎದ್ದು ಕಾಣುತ್ತದೆ. ಬಿಸಿಲು ನೇರವಾಗಿ ಎದುರಿನಿಂದ ಬಿದ್ದಾಗ ಅದೇ ಗೋಡೆ ಚಪ್ಪಟೆಯಾಗುತ್ತದೆ. ಮುಖಕ್ಕೂ ಇದೇ ನ್ಯಾಯ. ಆದ್ದರಿಂದ ಫ್ಲಾಶನ್ನು ಕೆಳಗಿಳಿಸಿ ಬದಿಗೆ ನಿಲ್ಲಿಸಬೇಕು. ಆದರೆ ಷಟರು ತೆರೆದ ಆ ಕ್ಷಣಕ್ಕೇ ಅದು ಮಿಂಚಲೂ ಬೇಕು. ಈ ಆಜ್ಞೆಯನ್ನು ತಂತಿಯಿಲ್ಲದೆ ತಲುಪಿಸುವ ಸಣ್ಣ ಉಪಕರಣಕ್ಕೆ ಟ್ರಿಗರ್ ಎಂದು ಹೆಸರು.

ರೇಡಿಯೋ ಇಟ್ಟುಕೊಂಡ ಮನೆಯವರಿಗೆ ಇದರ ಗುಟ್ಟು ಹೊಸದಲ್ಲ. ಕ್ಯಾಮೆರಾದ ಮೇಲೆ ಕೂರುವ ತುಂಡು ಒಂದು ಪುಟ್ಟ ಪ್ರಸಾರ ಕೇಂದ್ರ. ಫ್ಲಾಶಿನ ಬಳಿ ಇರುವುದು ಒಂದು ಪುಟ್ಟ ರೇಡಿಯೋ. ಎಫ್.ಎಂ. ನಿಲಯಗಳು 88ರಿಂದ 108 ಮೆಗಾಹರ್ಟ್ಸ್‌ವರೆಗಿನ ಅಲೆಗಳಲ್ಲಿ ಮಾತನಾಡಿದರೆ, ಇಂದಿನ ಹೆಚ್ಚಿನ ಟ್ರಿಗರುಗಳು 2.4 ಗಿಗಾಹರ್ಟ್ಸ್ ಅಲೆಯಲ್ಲಿ ಮಾತನಾಡುತ್ತವೆ. ವೈಫೈ, ಬ್ಲೂಟೂತ್‌ಗಳು ಓಡಾಡುವುದೂ ಅದೇ ಬೀದಿಯಲ್ಲಿ. ನೀವು ಮುಳ್ಳು ತಿರುಗಿಸಿ ನಿಲಯ ಹಿಡಿಯುವಂತೆ ಇಲ್ಲಿಯೂ ಎರಡು ತುಂಡುಗಳು ಒಂದೇ ಚಾನೆಲ್ಲಿನಲ್ಲಿ ಇರಬೇಕು. ಒಂದೇ ಮಂಟಪದಲ್ಲಿ ಇಬ್ಬರು ಛಾಯಾಗ್ರಾಹಕರು ಒಂದೇ ಬಗೆಯ ಟ್ರಿಗರನ್ನು ಒಂದೇ ಚಾನೆಲ್ಲಿನಲ್ಲಿ ಇಟ್ಟುಕೊಂಡರೆ, ಅವನು ಗುಂಡಿ ಒತ್ತಿದಾಗ ಇವನ ಫ್ಲಾಶ್ ಮಿಂಚುತ್ತದೆ. ಕೆಲಸ ಆರಂಭಿಸುವ ಮುನ್ನ ಪರಸ್ಪರ ಕೇಳಿ ಚಾನೆಲ್ ಬದಲಿಸಿಕೊಳ್ಳುವುದು ಮರ್ಯಾದೆಯೂ ಹೌದು, ಜಾಣತನವೂ ಹೌದು.

ರೇಡಿಯೋ ಅಲೆಯ ಬದಲು ಬೆಳಕಿನಿಂದಲೇ ಆಜ್ಞೆ ಪಡೆಯುವ ಅಗ್ಗದ ಬಗೆಯೂ ಉಂಟು. ಮತ್ತೊಂದು ಫ್ಲಾಶಿನ ಮಿಂಚನ್ನು ಕಂಡರೆ ಅದೂ ಮಿಂಚುತ್ತದೆ. ಮನೆಯೊಳಗೆ ಸರಿಯೆ. ಬಯಲ ಬಿಸಿಲಿನಲ್ಲಿ ಅದಕ್ಕೆ ಕಣ್ಣು ಕಾಣದು. ಲಗ್ನದಲ್ಲಂತೂ ನೆಂಟರ ಕ್ಯಾಮೆರಾಗಳ ಮಿಂಚಿಗೆಲ್ಲ ಓಗೊಡುತ್ತದೆ. ರೇಡಿಯೋ ಬಗೆಯನ್ನೇ ಆರಿಸುವುದು ಲೇಸು.

ಇನ್ನು ಕೊಳ್ಳುವ ಮಾತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬೇಡಿರಿ. ಮೊದಲಿಗೆ ಬೇಕಾದವು ಒಂದು ಫ್ಲಾಶ್, ಒಂದು ಟ್ರಿಗರ್, ಒಂದು ಸ್ಟ್ಯಾಂಡ್, ಒಂದು ಬಿಳಿಯ ಕೊಡೆ, ಫ್ಲಾಶನ್ನೂ ಕೊಡೆಯನ್ನೂ ಸ್ಟ್ಯಾಂಡಿಗೆ ಹಿಡಿಸುವ ಒಂದು ಕೊಂಡಿ. ಇಷ್ಟೇ. ಅಂಗಡಿಗೆ ಹೋಗುವಾಗ ನಿಮ್ಮ ಕ್ಯಾಮೆರಾವನ್ನು ತಪ್ಪದೆ ಒಯ್ಯಿರಿ. ಫ್ಲಾಶ್ ಕೂರುವ ಲೋಹದ ಕಾಲಡಿ ಒಂದೊಂದು ಕಂಪನಿಯದು ಒಂದೊಂದು ಬಗೆ. ಕ್ಯಾನನ್ನಿಗೆಂದು ಮಾಡಿದ ಟ್ರಿಗರ್ ಸೋನಿಯಲ್ಲಿ ಕೆಲಸ ಮಾಡೀತೆಂದು ನಂಬುವಂತಿಲ್ಲ. ಕ್ಯಾನನ್ನಿನ ಕೆಲವು ಅಗ್ಗದ ಮಾದರಿಗಳಲ್ಲಿ ಕಾಲಡಿಯ ನಡುವಿನ ಬಿಂದುವೇ ಇಲ್ಲ. ಸಾಮಾನ್ಯ ಟ್ರಿಗರುಗಳು ಅವುಗಳ ಮೇಲೆ ಮೂಕವಾಗುತ್ತವೆ. ಅಂಗಡಿಯಲ್ಲೇ ಜೋಡಿಸಿ, ಹತ್ತು ಹೆಜ್ಜೆ ದೂರ ನಿಂತು, ಇಪ್ಪತ್ತು ಬಾರಿ ಒತ್ತಿ ನೋಡಿರಿ. ಇಪ್ಪತ್ತಕ್ಕೆ ಇಪ್ಪತ್ತೂ ಮಿಂಚಬೇಕು.

ರಿಸೀವರ್ ಒಳಗೇ ಅಡಗಿರುವ ಫ್ಲಾಶ್ ಸಿಕ್ಕರೆ ಅದನ್ನೇ ಕೊಳ್ಳಿರಿ. ಬೇರೆ ರಿಸೀವರೆಂದರೆ ಮತ್ತೊಂದು ಜೊತೆ ಸೆಲ್ಲು, ಮತ್ತೊಂದು ಸಡಿಲ ಜೋಡಣೆ. ಇನ್ನು, ಲೆನ್ಸಿನೊಳಗಿಂದ ಬೆಳಕನ್ನಳೆದು ಫ್ಲಾಶಿನ ಬಲವನ್ನು ತಾನೇ ನಿಶ್ಚಯಿಸುವ ಟಿ.ಟಿ.ಎಲ್. ಎಂಬ ಸೌಕರ್ಯವಿದೆ. ಮೆರವಣಿಗೆಯಂತೆ ದೂರ ಗಳಿಗೆಗಳಿಗೆಗೂ ಬದಲಾಗುವ ಕಡೆ ಅದು ಉಪಯೋಗಿ. ಕಲಿಯುವವರಿಗೆ ಮಾತ್ರ ಬಲವನ್ನು ಅರ್ಧ, ಕಾಲು, ಅರೆಕಾಲು ಎಂದು ಕೈಯಿಂದ ಇಳಿಸುವ ಸಾದಾ ಬಗೆಯೇ ಒಳ್ಳೆಯ ಗುರು, ಬೆಲೆಯೂ ಕಡಿಮೆ. ಹಳೆಯ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಫ್ಲಾಶ್ ಸಿಕ್ಕಿತೆಂದು ಇಂದಿನ ಕ್ಯಾಮೆರಾಕ್ಕೆ ಸಿಕ್ಕಿಸಬೇಡಿರಿ. ಅಂಥ ಕೆಲವುಗಳ ಕಾಲಡಿಯಲ್ಲಿ 200 ವೋಲ್ಟಿಗೂ ಮಿಕ್ಕ ವಿದ್ಯುತ್ತು ಇರುತ್ತದೆ, ಕ್ಯಾಮೆರಾ ಸುಟ್ಟೀತು. ಯಾವ ಫ್ಲಾಶನ್ನೂ ಬಿಚ್ಚಲೂ ಬೇಡಿರಿ. ಸೆಲ್ಲು ತೆಗೆದ ಮೇಲೂ ಅದರ ಒಳಗಿನ ಕೆಪಾಸಿಟರು ಜೀವಕ್ಕೆ ಎರವಾಗುವಷ್ಟು ವಿದ್ಯುತ್ತನ್ನು ಹಿಡಿದಿಟ್ಟಿರಬಲ್ಲದು.

ಸಾಮಾನು ಬಂದಿತು. ಮೊದಲ ಪಾಠಕ್ಕೆ ನಮ್ಮ ಜಿಲ್ಲೆಯ ಹೆಸರು ಹೊತ್ತ ಬಿದರಿ ಪಾತ್ರೆಗಿಂತ ಒಳ್ಳೆಯ ವಸ್ತು ಬೇಕಿಲ್ಲ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ಎಳೆಯನ್ನು ಕೂರಿಸಿ, ಕೋಟೆಯ ಮಣ್ಣು, ನವಸಾಗರ ಕೂಡಿಸಿದ ನೀರಿನಲ್ಲಿ ಅದ್ದಿದಾಗ ಸತು ಕಪ್ಪಾಗಿ ಬೆಳ್ಳಿ ಹೊಳೆಯುವ ಈ ಕಲೆಗಾಗಿ ಶಾಹ್ ರಶೀದ್ ಅಹಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ದೊರೆಯಿತು. ಇಂದು ದೂರದೂರಿನ ಗಿರಾಕಿ ಈ ಪಾತ್ರೆಯನ್ನು ಕೈಯಲ್ಲಿ ಹಿಡಿಯುವ ಮೊದಲು ಚಿತ್ರದಲ್ಲಿ ನೋಡುತ್ತಾನೆ. ಚಿತ್ರ ಕೆಟ್ಟರೆ ಕುಶಲಕರ್ಮಿಯ ವಾರಗಳ ದುಡಿಮೆಗೆ ಬೆಲೆ ಇಳಿಯುತ್ತದೆ.

ಕ್ಯಾಮೆರಾದ ಮೇಲಿನ ಫ್ಲಾಶಿನಿಂದ ಒಂದು ಬಿದರಿ ಹೂದಾನಿಯ ಚಿತ್ರ ತೆಗೆಯಿರಿ. ನಡುಮಧ್ಯೆ ಒಂದು ಬಿಳಿಯ ಚುಕ್ಕೆ. ಉಳಿದ ಬೆಳ್ಳಿಯೆಲ್ಲ ಮಂಕು. ಬೆಳ್ಳಿ ಕನ್ನಡಿಯಂತೆ, ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ಈಗ ಫ್ಲಾಶನ್ನು ಎಡಕ್ಕೆ ನಿಲ್ಲಿಸಿ, ಅದಕ್ಕೂ ಹೂದಾನಿಗೂ ನಡುವೆ ಒಂದು ತೊಳೆದ ಬಿಳಿಯ ಧೋತರವನ್ನು ಇಳಿಬಿಡಿರಿ. ಬಟ್ಟೆ ಫ್ಲಾಶಿಗೆ ತಾಗದಿರಲಿ. ಈ ಸಲ ಬೆಳ್ಳಿಯ ಬಳ್ಳಿ ಆ ಅಗಲವಾದ ಬಿಳುಪನ್ನು ಹಿಡಿದು ಸೌಮ್ಯವಾಗಿ ಹೊಳೆಯುತ್ತದೆ. ಕಪ್ಪು ಕಪ್ಪಾಗಿಯೇ ಉಳಿಯುತ್ತದೆ. ಬೆಳಕಿನ ಮುಖ ಅಗಲವಾದಷ್ಟೂ, ವಸ್ತುವಿಗೆ ಸಮೀಪವಾದಷ್ಟೂ ನೆರಳು ಮೃದು. ಧೋತರ ಕಲಿಸಿದ ಈ ಪಾಠವೇ ಕೊಡೆಯ ಉಪಯೋಗ.

ದೂರದ ಲೆಕ್ಕವನ್ನೂ ಇಲ್ಲೇ ಕಲಿಯಿರಿ. ಫ್ಲಾಶನ್ನು ಒಂದು ಮೀಟರಿನಿಂದ ಎರಡು ಮೀಟರಿಗೆ ಒಯ್ದರೆ ಬೆಳಕು ಅರ್ಧವಾಗುವುದಿಲ್ಲ, ಕಾಲಾಗುತ್ತದೆ. ಮೂರು ಮೀಟರಿಗೆ ಒಂಬತ್ತನೆಯ ಒಂದು ಪಾಲು. ಸೋದರಮಾವ ಕತ್ತಲಾದದ್ದು ಇದರಿಂದಲೇ. ಹಾಗೆಯೇ ಷಟರಿನ ವೇಗ ಹೆಚ್ಚಿನ ಕ್ಯಾಮೆರಾಗಳಲ್ಲಿ ಸೆಕೆಂಡಿನ 1/200 ಇಲ್ಲವೆ 1/250ನ್ನು ಮೀರಬಾರದು. ಮೀರಿದರೆ ಷಟರಿನ ಪರದೆ ಅಡ್ಡ ಬಂದು ಚಿತ್ರದ ಒಂದು ಪಟ್ಟಿ ಕಪ್ಪಾಗುತ್ತದೆ. ಆಗ ಟ್ರಿಗರ್ ಕೆಟ್ಟಿತೆಂದು ಅಂಗಡಿಗೆ ಓಡಬೇಡಿರಿ.

ಕಡೆಯದಾಗಿ ಲಗ್ನದ ಮಾತು. ಹೂದಾನಿ ಸಂಜೆಯವರೆಗೂ ಕಾಯುತ್ತದೆ. ಅಕ್ಕಿಕಾಳು ಬೀಳುವ ಹೊತ್ತು ಕಾಯುವುದಿಲ್ಲ. ನನಗೆ ಪರಿಚಯದ ಒಬ್ಬ ಹುಡುಗ ಹೊಸ ಟ್ರಿಗರನ್ನು ನೆಚ್ಚಿ ಲಗ್ನಕ್ಕೆ ಹೋದ. ರಿಸೀವರಿನ ಸೆಲ್ಲು ತೀರಿದ್ದು ತಿಳಿದಾಗ ಅಕ್ಷತೆ ನೆಲದ ಮೇಲಿತ್ತು. ಆದಕಾರಣ ಮೂರು ನಿಯಮಗಳನ್ನು ಪಾಲಿಸಿರಿ. ಮುನ್ನಾದಿನ ರಾತ್ರಿ ಸೆಲ್ಲುಗಳನ್ನೆಲ್ಲ ಚಾರ್ಜು ಮಾಡಿ, ಇನ್ನೊಂದು ಜೊತೆಯನ್ನು ಜೇಬಿನಲ್ಲಿಡಿರಿ. ಸ್ಟ್ಯಾಂಡಿನ ಕಾಲಿಗೆ ಮರಳಿನ ಚೀಲ ಕಟ್ಟಿರಿ; ಅಂಗಳದ ಗಾಳಿಗೆ ಕೊಡೆ ಹಾಯಿಯಂತೆ ಉಬ್ಬಿ ಮಕ್ಕಳ ಮೇಲೆ ಉರುಳೀತು. ಮತ್ತೆ ಬಾರದ ಮುಹೂರ್ತಕ್ಕೆ, ಎರಡನೆಯ ಫ್ಲಾಶ್ ಇಲ್ಲದಿದ್ದರೆ, ಇರುವ ಒಂದನ್ನು ಕ್ಯಾಮೆರಾದ ಮೇಲೆಯೇ ಕೂರಿಸಿ, ಅದರ ಮುಖವನ್ನು ಬಿಳಿಯ ಚಾವಣಿಗೋ ಗೋಡೆಗೋ ತಿರುಗಿಸಿ ಚಿತ್ರ ತೆಗೆಯಿರಿ. ದೂರದ ಬೆಳಕಿನ ಸೊಗಸು ಆಮೇಲೆ, ವಧೂವರರು ಬಿಡುವಾಗಿ ಕುಳಿತಾಗ.

ಕೆಲಸ ಮುಗಿದ ಮೇಲೆ ಸೆಲ್ಲುಗಳನ್ನು ತೆಗೆದಿಡುವುದನ್ನು ಮರೆಯಬೇಡಿರಿ. ಟ್ರಾನ್ಸಿಸ್ಟರಿನ ಹೊಟ್ಟೆಯಲ್ಲಿ ಸೋರಿದ ಸೆಲ್ಲು ಏನು ಮಾಡುತ್ತದೆಂಬುದನ್ನು ನಿಮಗೆ ಬೇರೆ ಹೇಳಬೇಕಾದುದಿಲ್ಲ. ಎರಡನೆಯ ಫ್ಲಾಶಿಗೆ ಹಣ ಕೂಡಿಸುವ ಮುನ್ನ ಮೊದಲನೆಯದನ್ನು ಎಡಕ್ಕೆ, ಬಲಕ್ಕೆ, ಮೇಲಕ್ಕೆ ಸರಿಸಿ ನೋಡಿರಿ. ಅದಕ್ಕೆ ಒಂದು ಕಾಸೂ ಖರ್ಚಿಲ್ಲ.