ಮಳೆನಾಡಿನಲ್ಲಿ ಮರದ ಮೆಟ್ಟಿಲು

ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಉಪ್ಪಿನಂಗಡಿಯನ್ನು ದಾಟಿ ಶಿರಾಡಿ ಘಾಟಿಯತ್ತ ಸಾಗುವವರಿಗೆ ನೆಲ್ಯಾಡಿ ಎದುರಾಗುತ್ತದೆ. ಅಡಕೆ, ತೆಂಗು, ರಬ್ಬರಿನ ತೋಟಗಳ ನಡುವಣ ಏರುತಗ್ಗಿನ ನೆಲವಿದು. ಇಂಥ ಇಳಿಜಾರಿನಲ್ಲಿ ಮನೆ ಕಟ್ಟಿದವರಿಗೆ, ಹಿತ್ತಿಲ ಕಡೆ ಹಲಗೆ ಹಾಸಿದ ತೆರೆದ ಜಗಲಿಯೊಂದನ್ನು ಮಾಡಿಸಿ, ಅಲ್ಲಿಂದ ತೋಟಕ್ಕಿಳಿಯಲು ನಾಲ್ಕಾರು ಮರದ ಮೆಟ್ಟಿಲು ಹಾಕಿಸುವ ಆಸೆ ಮೂಡುವುದು ಸಹಜ. ಆಸೆಯೇನೋ ಚೆಲುವಾದುದೇ. ಆದರೆ ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಹೊರಗೆ ಗಟ್ಟಿಯಾಗಿ ಕಂಡು ಒಳಗೆ ಲಡ್ಡುಹಿಡಿದ ಒಂದು ಹಲಗೆ ಸಾಕು, ಮನೆಯ ಹಿರಿಯರೊಬ್ಬರು ಹಾಸಿಗೆ ಹಿಡಿಯಲು.

ಮರವನ್ನು ಕೊಳೆಸುವುದು ಬರಿಯ ನೀರಲ್ಲ, ನೀರಿನ ಆಶ್ರಯದಲ್ಲಿ ಬೆಳೆಯುವ ಶಿಲೀಂಧ್ರ. ಮರದ ತೇವಾಂಶ ನೂರಕ್ಕೆ 20ಕ್ಕಿಂತ ಕೆಳಗಿದ್ದರೆ ಅದು ಸಾಮಾನ್ಯವಾಗಿ ಬೆಳೆಯಲಾರದು. ಆದ್ದರಿಂದ ಬಡಗಿಯ ಜಾಣ್ಮೆ ಇರುವುದು, ಬಿದ್ದ ನೀರು ಎಲ್ಲಿಯೂ ನಿಲ್ಲದೆ ಹರಿದುಹೋಗಿ ಮರ ಬೇಗನೆ ಆರುವಂತೆ ಮಾಡುವುದರಲ್ಲಿ.

ಮೊದಲು ಮರದ ಆಯ್ಕೆ. ರಬ್ಬರ್ ಮರ ಸುತ್ತಲೂ ಹೇರಳ. ರಾಸಾಯನಿಕ ಸಂಸ್ಕಾರ ಪಡೆದರೆ ಅದು ಮನೆಯೊಳಗಿನ ಪೀಠೋಪಕರಣಗಳಿಗೆ ಒಪ್ಪುತ್ತದೆ; ಹೊರಗಿನ ಮಳೆಗೆ ತಾಳದು. ಬಲಿತ ಸಾಗುವಾನಿ, ಹೆಬ್ಬಲಸು, ಕಿರಾಲ್‌ಬೋಗಿಗಳ ತಿರುಳು ಲೇಸು. ತಿರುಳೆಂಬ ಮಾತನ್ನು ಮರೆಯಬಾರದು: ಸಾಗುವಾನಿಯೇ ಆದರೂ ಅದರ ಹೊರಸುತ್ತಿನ ಬಿಳಿಭಾಗಕ್ಕೆ ಆ ಬಾಳಿಕೆಯಿಲ್ಲ.

ಅನಂತರ ಲೆಕ್ಕ. ಮೆಟ್ಟಿಲಿನ ಎತ್ತರದ ಎರಡರಷ್ಟಕ್ಕೆ ಅದರ ಅಗಲವನ್ನು ಕೂಡಿದರೆ ಮನುಷ್ಯನ ಒಂದು ಹೆಜ್ಜೆಯಷ್ಟಾಗಬೇಕೆಂಬ ಸೂತ್ರವನ್ನು ಫ್ರಾನ್ಸಿನ ವಾಸ್ತುಶಿಲ್ಪಿ ಫ್ರಾಂಸ್ವಾ ಬ್ಲೊಂಡೆಲ್ 17ನೆಯ ಶತಮಾನದಲ್ಲಿ ಕೊಟ್ಟನು. ಇಂದಿನ ರೂಢಿಯಲ್ಲಿ ಆ ಮೊತ್ತ ಸುಮಾರು 25 ಅಂಗುಲ. ಜಗಲಿ ನೆಲದಿಂದ 42 ಅಂಗುಲ ಎತ್ತರವಿದ್ದರೆ 7 ಅಂಗುಲದ ಆರು ಏರುಗಳು; ಕೊನೆಯ ಏರು ಜಗಲಿಗೇ ಮುಟ್ಟುವುದರಿಂದ 11 ಅಂಗುಲ ಅಗಲದ ಐದು ಹಲಗೆಗಳು.

ಇಲ್ಲಿಯೇ ಅನೇಕರು ಎಡವುತ್ತಾರೆ. ಎರಡು ಪಕ್ಕದ ಓರೆ ತೊಲೆಗಳಲ್ಲಿ ಏಳೇಳು ಅಂಗುಲಕ್ಕೆ ಕಚ್ಚು ಹಾಕಿ, ಮೇಲೆ ಒಂದೂವರೆ ಅಂಗುಲ ದಪ್ಪದ ಹಲಗೆ ಕೂರಿಸಿದರೆ, ಮೊದಲ ಮೆಟ್ಟಿಲು ಎಂಟೂವರೆ ಅಂಗುಲವಾಗುತ್ತದೆ, ಕೊನೆಯದು ಐದೂವರೆಗೆ ಇಳಿಯುತ್ತದೆ. ಕಾಲು ಒಂದೇ ಅಳತೆಯನ್ನು ನೆನಪಿಟ್ಟು ನಡೆಯುವುದರಿಂದ ಈ ವ್ಯತ್ಯಾಸ ಕತ್ತಲಲ್ಲಿ ಮುಗ್ಗರಿಸುವಂತೆ ಮಾಡುತ್ತದೆ. ಪರಿಹಾರ ಸುಲಭ: ತೊಲೆಯ ಬುಡದಲ್ಲಿ ಹಲಗೆಯ ದಪ್ಪದಷ್ಟನ್ನು ಮೊದಲೇ ಕತ್ತರಿಸಿಬಿಡಬೇಕು.

ತೊಲೆಯ ಬುಡವಂತೂ ಮಣ್ಣಿಗೆ ತಾಗಲೇಬಾರದು. ಕೊಯ್ದ ತುದಿಯ ಮೂಲಕ ಮರ ನೀರನ್ನು ಹೆಚ್ಚಾಗಿ ಹೀರುತ್ತದೆ. ಗೆದ್ದಲಿಗೂ ಅದೇ ಹೆಬ್ಬಾಗಿಲು. ಊರಿನ ಮುರಕಲ್ಲು ಸ್ವತಃ ನೀರು ಕುಡಿಯುವ ಕಲ್ಲಾದ್ದರಿಂದ, ನೆಲದಿಂದ ಮೂರು ನಾಲ್ಕು ಅಂಗುಲ ಎತ್ತರಿಸಿದ ಗಟ್ಟಿ ಕರಿಕಲ್ಲಿನ ಮೇಲೆ ಬುಡ ನಿಲ್ಲಿಸುವುದು ಮೇಲು. ಹಲಗೆಗಳ ನಡುವೆ ಕಾಲಂಗುಲ ಸಂದಿರಲಿ, ಮುಂದಕ್ಕೆ ತುಸು ಇಳಿಜಾರಿರಲಿ. ಬರಿಯ ಕಬ್ಬಿಣದ ಮೊಳೆ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸುವುದರಿಂದ ಸ್ಟೇನ್‌ಲೆಸ್ ಸ್ಟೀಲಿನ ತಿರುಪುಗಳೇ ಯೋಗ್ಯ. ಕರಾವಳಿಯಲ್ಲಿ ಹಿಂದಿನಿಂದಲೂ ಮರಕ್ಕೆ ಹಚ್ಚುತ್ತಿದ್ದ ಗೇರುಬೀಜದ ಸಿಪ್ಪೆಯ ಎಣ್ಣೆ ಇಂದಿಗೂ ಉಪಯುಕ್ತ. ಆದರೆ ಅದು ತಾಗಿದರೆ ಚರ್ಮ ಬೊಬ್ಬೆಯೇಳುವುದರಿಂದ ಕೈಗವಸು ಅಗತ್ಯ.

ಇಷ್ಟೆಲ್ಲ ಮಾಡಿದರೂ ಪಾಚಿ ಬಿಡದು. ಮಳೆಗಾಲದುದ್ದಕ್ಕೂ ವಾರಕ್ಕೊಮ್ಮೆ ಗಟ್ಟಿ ಪೊರಕೆಯಿಂದ ಉಜ್ಜಬೇಕು. ಪಕ್ಕದಲ್ಲಿ ಹಿಡಿಯಲು ಕೈಪಿಡಿಯೂ ಬೇಕು. ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮೊದಲು, ಮೊನಚಾದ ಉಳಿಯಿಂದ ತೊಲೆಯ ಬುಡವನ್ನೂ ಹಲಗೆಯ ತುದಿಗಳನ್ನೂ ಚುಚ್ಚಿ ನೋಡಬೇಕು. ಉಳಿ ಸಲೀಸಾಗಿ ಇಳಿದರೆ ಆ ಮರವನ್ನು ಅಂದೇ ಬದಲಿಸಬೇಕು. ಒಂದು ಹಲಗೆಯ ಬೆಲೆ, ಮುರಿದ ಸೊಂಟದ ಚಿಕಿತ್ಸೆಗಿಂತ ಎಂದಿಗೂ ಅಗ್ಗವೇ.