ನಿಂತರೆ 80, ಕೂತರೆ 720: ‘ಅಜ್ಜಿ ಮನೆ’ ಕೆಫೆಯ ಲೆಕ್ಕಾಚಾರ

ಕಳೆದ ತಿಂಗಳು ಗೆಳೆಯನೊಬ್ಬ ಇಂದಿರಾನಗರದ ಒಂದು ಪಾಪ್-ಅಪ್ ಕೆಫೆಗೆ ಕರ್ಕೊಂಡು ಹೋದ. ಎರಡು ವಾರಾಂತ್ಯ ಮಾತ್ರ ನಡೆಯುವ ಕೆಫೆ, ಥೀಮ್ ‘ಅಜ್ಜಿ ಮನೆ’. ಬಾಗಿಲಲ್ಲಿ ಹಿತ್ತಾಳೆ ಚೊಂಬು, ಮೂಲೆಯಲ್ಲಿ ಬೀಸುವ ಕಲ್ಲು, ಗೋಡೆ ಮೇಲೆ ಯಾರದೋ ಮದುವೆಯ ಕಪ್ಪು-ಬಿಳುಪು ಫೋಟೊ. ಬಾಳೆಲೆ ಮೇಲೆ ಅನ್ನ, ತಿಳಿಸಾರು, ತುಪ್ಪ, ಹಪ್ಪಳ. ಸಾರು ನಿಜಕ್ಕೂ ಚೆನ್ನಾಗಿತ್ತು. ಒಂದೂವರೆ ಗಂಟೆಯ ಸ್ಲಾಟ್ ಮುಗಿಯೋಕೆ ಇನ್ನೂ ಹತ್ತು ನಿಮಿಷ ಇತ್ತು, ಹುಡುಗನೊಬ್ಬ ಬಂದು ಮೆಲ್ಲಗೆ, ‘ಸರ್, ನೆಕ್ಸ್ಟ್ ಬ್ಯಾಚ್‌ನವರು ಕಾಯ್ತಿದ್ದಾರೆ’ ಅಂದ. ನಮ್ಮಜ್ಜಿ ಯಾವತ್ತೂ ಹಾಗಂದಿರಲಿಲ್ಲ.

ಕೋಪ ಬರಲಿಲ್ಲ, ನಗು ಬಂತು. ಯಾಕಂದ್ರೆ ಇಡೀ ವ್ಯವಹಾರದ ಗುಟ್ಟನ್ನು ಆ ಹುಡುಗ ಒಂದೇ ಮಾತಲ್ಲಿ ಹೇಳಿಬಿಟ್ಟಿದ್ದ.

ಎಂಜಿನಿಯರಿಂಗ್ ಓದುವಾಗ ‘ಲಿಟಲ್ಸ್ ಲಾ’ ಅಂತ ಒಂದು ಸೂತ್ರ ಕಲಿತಿದ್ದೆ. ಒಂದು ಜಾಗದಲ್ಲಿ ಎಷ್ಟು ಜನ ಇರುತ್ತಾರೆ, ಒಬ್ಬೊಬ್ಬರು ಎಷ್ಟು ಹೊತ್ತು ಇರುತ್ತಾರೆ ಅನ್ನೋದು ಗೊತ್ತಿದ್ದರೆ ಗಂಟೆಗೆ ಎಷ್ಟು ಜನ ಬಂದು ಹೋಗಬಹುದು ಅಂತ ಲೆಕ್ಕ ಹಾಕಬಹುದು. ಉದಾಹರಣೆಗೆ, ಒಂದು ಹೋಟೆಲಿನಲ್ಲಿ ಒಮ್ಮೆಗೆ 40 ಜನಕ್ಕೆ ಜಾಗ ಇದೆ ಅಂದುಕೊಳ್ಳಿ. ಒಬ್ಬರು 10 ನಿಮಿಷದಲ್ಲಿ ತಿಂದು ಹೊರಟರೆ ಗಂಟೆಗೆ 240 ಜನ. ತಲಾ ₹80ರ ಬಿಲ್ ಆದರೂ ₹19,200. ಅದೇ ಜಾಗದಲ್ಲಿ ಒಬ್ಬೊಬ್ಬರು 90 ನಿಮಿಷ ಕೂತರೆ ಗಂಟೆಗೆ 27 ಜನವೂ ಆಗಲ್ಲ. ಅಷ್ಟೇ ದುಡ್ಡು ಹುಟ್ಟಬೇಕಾದರೆ ತಲಾ ₹720 ವಸೂಲಿ ಮಾಡಲೇಬೇಕು. ಕೂರೋ ಟೇಬಲ್ಲಿಗೆ ಜಾಗ ಜಾಸ್ತಿ ಬೇಕು ಅನ್ನೋದನ್ನು ಇಲ್ಲಿ ಸೇರಿಸಿಯೇ ಇಲ್ಲ. ಅಂದರೆ ಬಿಲ್ಲಿನಲ್ಲಿ ಸಾರಿನ ಪಾಲು ಸಣ್ಣದು, ಕುರ್ಚಿಯ ಪಾಲು ದೊಡ್ಡದು.

ಈ ಲೆಕ್ಕವನ್ನು ಬೆಂಗಳೂರು 40 ವರ್ಷದ ಹಿಂದೆಯೇ ಬಿಡಿಸಿತ್ತು. 1983ರಲ್ಲಿ ಆರ್. ಪ್ರಭಾಕರ್ ಜಯನಗರದಲ್ಲಿ ‘ಕೆಫೆ ದರ್ಶಿನಿ’ ಶುರು ಮಾಡಿದರು. ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ, ಟೋಕನ್ ತಗೊಂಡು ನಿಂತು ತಿನ್ನಬೇಕು, ಅಡುಗೆಮನೆ ಎದುರಿಗೇ ಕಾಣಬೇಕು. ಈ ಮಾದರಿ ಊರಿಡೀ ಹಬ್ಬಿತು. ಇದರಿಂದ ಇನ್ನೊಂದು ಉಪಕಾರವೂ ಆಯ್ತು. ಹಳೇ ಕಾಲದ ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆಂದೇ ಬೇರೆ ಕೂರುವ ಜಾಗ ಇರುತ್ತಿತ್ತು. ದರ್ಶಿನಿಯ ನಿಲ್ಲುವ ಟೇಬಲ್ಲಿನಲ್ಲಿ ಆಟೊ ಡ್ರೈವರ್ ಮತ್ತು ಟೆಕ್ಕಿ ಒಂದೇ ಕಡೆ ಪ್ಲೇಟ್ ಇಟ್ಟುಕೊಂಡರು. ಯಾರು ಯಾವ ಜಾತಿ ಅಂತ ಕೇಳೋಕೆ ಅಲ್ಲಿ ಪುರಸೊತ್ತಾದರೂ ಎಲ್ಲಿತ್ತು?

ಪಾಪ್-ಅಪ್ ಇದೇ ಲೆಕ್ಕವನ್ನು ಇನ್ನೊಂದು ದಾರಿಯಲ್ಲಿ ಬಿಡಿಸುತ್ತದೆ. ಬೆಂಗಳೂರಲ್ಲಿ ಹೋಟೆಲ್ ತೆರೆಯಬೇಕಾದರೆ ತಿಂಗಳುಗಟ್ಟಲೆ ಬಾಡಿಗೆಯನ್ನು ಮೊದಲೇ ಅಡ್ವಾನ್ಸ್ ಕೊಡಬೇಕು. ಪಾಪ್-ಅಪ್‌ನವರು ಯಾರದೋ ಜಾಗವನ್ನು ನಾಲ್ಕು ದಿನದ ಮಟ್ಟಿಗೆ ತಗೊಳ್ತಾರೆ, ಸೀಟುಗಳನ್ನು ಮೊದಲೇ ಮಾರ್ತಾರೆ. 60 ಎಲೆ ಅಂದರೆ 60 ಎಲೆಗೆ ಮಾತ್ರ ಅಡುಗೆ, ಉಳಿದು ಚೆಲ್ಲುವ ಚಿಂತೆ ಇಲ್ಲ. ಮನೆಯಲ್ಲಿ ಚೆನ್ನಾಗಿ ಅಡುಗೆ ಮಾಡುವ, ಆದರೆ ಹೋಟೆಲ್ ಹಾಕುವಷ್ಟು ಬಂಡವಾಳ ಇಲ್ಲದವರಿಗೆ ಇದು ಒಳ್ಳೇ ದಾರಿಯೇ. ಅದನ್ನು ಆಡಿಕೊಳ್ಳೋದು ಬೇಡ.

ಕಷ್ಟ ಇರೋದು ಇವೆರಡರ ಮಧ್ಯದಲ್ಲಿ. ಕಡಿಮೆ ದುಡ್ಡಿಗೆ ಕೂತು ತಿನ್ನುವ, ಒಂದು ಕಾಫಿಗೆ ಅರ್ಧ ಗಂಟೆ ಹರಟೆ ಹೊಡೆಯುವ ಹೋಟೆಲುಗಳು ಕರಗುತ್ತಿವೆ. ಮಲ್ಲೇಶ್ವರದ ನ್ಯೂ ಕೃಷ್ಣ ಭವನ ಸುಮಾರು 70 ವರ್ಷ ನಡೆದು 2024ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಮೇಲಿನ ಲೆಕ್ಕವನ್ನು ಇಂಥ ಹೋಟೆಲಿಗೆ ಹಾಕಿ ನೋಡಿ: ಜನ ಕೂರೋದು ಕೆಫೆಯಷ್ಟು ಹೊತ್ತು, ಬಿಲ್ ಮಾತ್ರ ದರ್ಶಿನಿಯಷ್ಟು. ಹೊಸಬರು ಬಾಡಿಗೆ ಜಾಗದಲ್ಲಿ ಇಂಥದ್ದನ್ನು ಶುರು ಮಾಡೋದು ಇನ್ನೂ ಕಷ್ಟ. 2017ರ ನವೆಂಬರಿನಿಂದ ಸಾಮಾನ್ಯ ಹೋಟೆಲುಗಳಿಗೆ 5% ಜಿಎಸ್‌ಟಿ ಇದೆ, ಆದರೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇಲ್ಲ. ಅಂದರೆ ಬಾಡಿಗೆ ಮೇಲೆ ಕಟ್ಟಿದ 18% ತೆರಿಗೆಯನ್ನು ಮುರಿದುಕೊಳ್ಳುವಂತಿಲ್ಲ, ಅದೂ ಕೊನೆಗೆ ಇಡ್ಲಿಯ ರೇಟಿಗೇ ಸೇರಬೇಕು.

ಇನ್ನೊಂದು ಮಾತು. ಈ ಥೀಮ್ ಕೆಫೆಗಳ ಅಜ್ಜಿ ಯಾರ ಅಜ್ಜಿ? ನಾನು ನೋಡಿದ ಕಡೆಯೆಲ್ಲ ಅವಳು ತೊಟ್ಟಿ ಮನೆಯವಳು, ತಿಳಿಸಾರು ಮಾಡುವವಳು. ನನ್ನ ರೂಮ್‌ಮೇಟ್ ಮಂಡ್ಯದವನು. ಅವನಿಗೆ ಊರು ನೆನಪಾದಾಗ ಬೇಕಾಗಿದ್ದು ಬಿಸಿ ಮುದ್ದೆ ಮತ್ತು ಮಟನ್ ಸಾರು, ಹೋಗ್ತಾ ಇದ್ದದ್ದು ಮಿಲಿಟರಿ ಹೋಟೆಲಿಗೆ. ಅಲ್ಲಿ ಅಲಂಕಾರ ಏನೂ ಇರಲಿಲ್ಲ, ಬೆಂಚು ಮಾತ್ರ ಇತ್ತು. ‘ಕಂಫರ್ಟ್ ಫುಡ್’ ಅಂದರೆ ಬಾಲ್ಯದ ರುಚಿ ಅನ್ನೋದಾದರೆ, ನಮ್ಮೂರಲ್ಲಿ ಬಾಲ್ಯಗಳು ಹಲವಾರು ಇವೆ. ಗೋಡೆಗೆ ಹತ್ತುವ ಫೋಟೊ ಒಂದೇ ಥರದ್ದು.

ನಮ್ಮಪ್ಪನಿಗೆ ಮೊಣಕಾಲು ನೋವು. ಹತ್ತು ನಿಮಿಷ ನಿಲ್ಲೋಕಾಗಲ್ಲ, ₹720 ಕೊಟ್ಟು ಸಾರು-ಅನ್ನ ತಿನ್ನೋಕೆ ಮನಸ್ಸೂ ಒಪ್ಪಲ್ಲ. ಭಾನುವಾರ ಬೆಳಿಗ್ಗೆ ದರ್ಶಿನಿಗೆ ಕರ್ಕೊಂಡು ಹೋದರೆ ಹೊರಗೆ ನಿಲ್ಲಿಸಿದ ನನ್ನ ಸ್ಕೂಟರ್ ಸೀಟಿನ ಮೇಲೆ ಕೂತು ಮಸಾಲೆ ದೋಸೆ ತಿಂತಾರೆ. ಹಾಗೆ ಸ್ಕೂಟರ್ ಮೇಲೆ, ಮೆಟ್ಟಿಲ ಮೇಲೆ, ಫುಟ್‌ಪಾತ್ ಕಟ್ಟೆ ಮೇಲೆ ಕೂತವರು ಪ್ರತಿ ದರ್ಶಿನಿ ಮುಂದೆಯೂ ಸಿಗ್ತಾರೆ. ದರ್ಶಿನಿ ಮಾಲೀಕರು ಗೋಡೆ ಪಕ್ಕ ಒಂದು ಬೆಂಚು ಹಾಕಿದರೆ ಗಂಟೆಗೆ ಒಂದಷ್ಟು ಗಿರಾಕಿ ಕಮ್ಮಿಯಾಗಬಹುದು, ಲೆಕ್ಕ ನನಗೂ ಗೊತ್ತು. ಆದರೂ ಒಂದು ಬೆಂಚು ಹಾಕಿ ಸಾರ್.