ಹಾವಸೆ ಸತ್ತರೂ ಅಂಗಳ ಜಾರುತ್ತದೆ

ಮುಂಡಗೋಡದ ಮಳಗಿಯ ಓದುಗರೊಬ್ಬರು ಕೇಳಿದ್ದಾರೆ: ಸಿಮೆಂಟ್ ಹಾಕಿಸಿದ ಅಂಗಳ ಮೊದಲೆರಡು ಮಳೆಗಾಲ ಚೆನ್ನಾಗಿಯೇ ಇತ್ತು, ಈಗ ಆರಿದ್ರಾ ಮಳೆ ಹಿಡಿಯುತ್ತಿದ್ದಂತೆ ಹಾವಸೆ ಕಟ್ಟಿ ಕಾಲಿಡುವಂತಿಲ್ಲ. ಬ್ಲೀಚಿಂಗ್ ಪೌಡರ್ ಎರಚಿದರೆ ಹಸಿರು ಹೋಗುತ್ತದೆ, ಜಾರಿಕೆ ಹೋಗುವುದಿಲ್ಲ. ‘ನ್ಯಾನೊ ಕೋಟಿಂಗ್’ ಹೊಡೆಸಬಹುದೇ? ಅರ್ಧ ಉತ್ತರ ಪ್ರಶ್ನೆಯಲ್ಲೇ ಇದೆ. ಹಸಿರು ಅಳಿದ ಮೇಲೂ ಜಾರಿಕೆ ಉಳಿಯಿತೆಂದರೆ ಕೆಡವುತ್ತಿರುವುದು ಬೇರೇನೋ. ಅದು ಹಾವಸೆ ಸ್ರವಿಸಿಟ್ಟ ಲೋಳೆ.

ಹಸಿ ಸಿಮೆಂಟಿನ ಕ್ಷಾರ ಬಹಳ ತೀಕ್ಷ್ಣ, ಅದರ ಪಿಎಚ್ 12ರ ಮೇಲೆ. ಗಾಳಿಯ ಇಂಗಾಲದ ಡೈಆಕ್ಸೈಡ್ ತಗುಲಿ ಮೇಲ್ಪದರದ ಕ್ಷಾರ ಕ್ರಮೇಣ 9ರ ಆಸುಪಾಸಿಗೆ ಇಳಿದಾಗಲಷ್ಟೇ ಪಾಚಿಗೆ ಅಲ್ಲಿ ಬಾಳುವೆ ಸಾಧ್ಯ. ಮೊದಲೆರಡು ವರ್ಷದ ನೆಮ್ಮದಿಯ ಗುಟ್ಟು ಇದು. ಹೀಗೆ ಬರುವವುಗಳಲ್ಲಿ ಗಟ್ಟಿಪಿಂಡ ನಾಸ್ಟಾಕ್ ಎಂಬ ನೀಲಿಹಸಿರು ಬ್ಯಾಕ್ಟೀರಿಯಾ. ಮಳೆಯಲ್ಲಿ ಉಬ್ಬಿದ ಲೋಳೆಮುದ್ದೆ, ಬಿಸಿಲಲ್ಲಿ ಕರಿ ಹಕ್ಕಳೆ, ಮತ್ತೆ ಹನಿ ಬಿದ್ದರೆ ಮತ್ತೆ ಜೀವ. ಒಣಸಸ್ಯಗಳ ಸಂಗ್ರಹವಾದ ಹರ್ಬೇರಿಯಮ್‌ನಲ್ಲಿ 87 ವರ್ಷ ಒಣಗಿ ಕೂತಿದ್ದ ನಾಸ್ಟಾಕ್ ಮಾದರಿಯೊಂದನ್ನು ಮರಳಿ ಬೆಳೆಸಿದ್ದಾಗಿ ವಿಜ್ಞಾನಿ ಚಾರ್ಲ್ಸ್ ಲಿಪ್ಮನ್ 1941ರಲ್ಲಿ ವರದಿ ಮಾಡಿದ. ಮಳೆ ಬಿಟ್ಟು ಬಿಟ್ಟು ಸುರಿಯುವ ಮುಂಡಗೋಡದಂಥ ಅರೆಮಲೆನಾಡಿನ ಅಂಗಳ ಇದಕ್ಕೆ ಯಾವ ಲೆಕ್ಕ!

ಲೋಳೆ ಜಾರಿಸುವ ಬಗೆ ತಿಳಿದದ್ದು ಯಂತ್ರಗಳಿಂದ. 1883ರಲ್ಲಿ ಲಂಡನ್ನಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಗಾಗಿ ಬೋಷಾಂ ಟವರ್ ಎಂಬ ಎಂಜಿನಿಯರ್ ಬೇರಿಂಗಿನ ಘರ್ಷಣೆ ಅಳೆಯುತ್ತಿದ್ದ. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಗೆ ತೂತು ಕೊರೆದರೆ, ಒಳಗಿನ ಎಣ್ಣೆಯೇ ಉಕ್ಕಿ ಬಂತು. ಬೆಣೆ ಜಡಿದ, ಅದನ್ನೂ ದಬ್ಬಿ ಹೊರಹಾಕಿತು. ಮಾಪಕ ಕೂರಿಸಿ ನೋಡಿದರೆ, ಬೇರಿಂಗಿನ ಮೇಲಿದ್ದ ಸರಾಸರಿ ಒತ್ತಡದ ಇಮ್ಮಡಿ! ತಿರುಗುವ ಅಚ್ಚು ಲೋಹಕ್ಕೆ ತಾಗದೆ ಎಣ್ಣೆಯ ಪದರದ ಮೇಲೆ ತೇಲುತ್ತಿತ್ತು. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತ ಕೊಟ್ಟ. ದ್ರವ ಮಂದವಾದಷ್ಟೂ ಒತ್ತಿದಾಗ ಪಕ್ಕಕ್ಕೆ ಸರಿಯಲು ಹೊತ್ತು ಹಿಡಿಯುತ್ತದೆ, ಆ ಹೊತ್ತಿನಷ್ಟು ಅದೇ ಭಾರ ಹೊರುತ್ತದೆ. ಅಂಗಳದಲ್ಲೂ ಅಷ್ಟೇ. ಬರೀ ನೀರು ಹೆಜ್ಜೆಯಡಿಯಿಂದ ಚಿಮ್ಮಿ ಹೋಗುತ್ತದೆ, ಲೋಳೆ ಹೋಗುವುದಿಲ್ಲ. ಗೀರು ಸವೆದ ಹವಾಯಿ ಚಪ್ಪಲಿಯಾದರಂತೂ ಅದಕ್ಕೆ ದಾರಿಯೇ ಇಲ್ಲ.

ಟೊರಾಂಟೊದ ಕನ್ನಡಿಗರು ಮನೆಮುಂದಿನ ಹಿಮಕ್ಕೆ ಉಪ್ಪು ಎರಚುತ್ತಾರಲ್ಲ, ಹಾಗೆಯೇ ಬ್ಲೀಚಿಂಗ್ ಪೌಡರೂ ಎಂದು ವಾದಿಸಬಹುದು. ಉಪ್ಪು ಜಾರಿಸುವ ಹಿಮವನ್ನೇ ಕರಗಿಸಿ ಹರಿಯಬಿಡುತ್ತದೆ. ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಮಾತ್ರ ಮೇಲ್ಪದರದ ಕೋಶಗಳನ್ನು ಕೊಲ್ಲುವುದರಲ್ಲೇ ತೀರುತ್ತದೆ, ಉಳಿದ ಪೌಡರನ್ನು ಜಡಿಮಳೆ ತೊಳೆದೊಯ್ಯುತ್ತದೆ. ಸತ್ತ ಹಾವಸೆಯ ಲೋಳೆ ಅಲ್ಲೇ ಇರುತ್ತದೆ, ಮುಂದಿನ ಪೀಳಿಗೆಗೆ ಹಾಸಿಗೆಯಾಗಿ. ಕೋಟಿಂಗ್ ಬಗ್ಗೆಯೂ ನನಗೆ ಅಂಥ ಭರವಸೆಯಿಲ್ಲ. ಅದು ಕಾಂಕ್ರೀಟಿನೊಳಗೆ ನೀರು ಇಳಿಯದಂತೆ ತಡೆದೀತು. ಮೇಲೆ ಕೂರುವ ಧೂಳು, ದರಕಿನ ಪುಡಿ ಸಾಕು ಹಾವಸೆಗೆ. ನುಣುಪು ಬಳಿದರೆ ಒದ್ದೆಯಲ್ಲಿ ಜಾರಿಕೆ ಇನ್ನೂ ಹೆಚ್ಚೀತು.

ಹಾಗಾಗಿ ಮೊದಲ ಕೆಲಸ ಕೆರೆಯುವುದು. ಆಳು ಸಿಗುವುದಿಲ್ಲ, ಪೌಡರ್ ಅಗ್ಗ ಎನ್ನುವುದು ನಿಜವೇ. ಆದರೆ ಮೇ ತಿಂಗಳಲ್ಲಿ ಒಣ ಹಕ್ಕಳೆ ಸಲಿಕೆಯ ಬಾಯಿಗೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ, ಜುಲೈಯಲ್ಲಿ ಉಜ್ಜುವ ಅರ್ಧ ಶ್ರಮವೂ ಬೇಡ. ಗುಡಿಸಿದ್ದನ್ನು ಅಂಗಳದಾಚೆ ಹಾಕಿ, ಮೂಲೆಗೆ ತಳ್ಳಿದರೆ ಮಳೆ ಬಂದಾಗ ಅದೇ ಬೀಜ. ನೀರು ನಿಲ್ಲದಂತೆ 10 ಅಡಿಗೆ ಒಂದೂಕಾಲು ಇಂಚು ಇಳಿಜಾರಿರಲಿ, ಬಿಸಿಲಿಗೆ ಅಡ್ಡವಾದ ಕೊಂಬೆ ಸವರಿಸಿ. ಪೌಡರ್ ಬೇಕೇ ಬೇಕೆಂದರೆ ಕೆರೆದ ಮೇಲೆ, ಹೊಳವಾದ ದಿನ, ಬಾವಿಯಿಂದ ದೂರ. ಅದರ ಜೊತೆ ಟಾಯ್ಲೆಟ್ ಆಸಿಡ್ ಮಾತ್ರ ಸೇರಿಸಲೇಬೇಡಿ. ಏಳುವುದು ಕ್ಲೋರಿನ್ ಅನಿಲ. ಕೊಟ್ಟಿಗೆಗೆ ಹೋಗುವ ದಾರಿಗೆ ಅಡಿಕೆ ದಬ್ಬೆಯನ್ನು ಸಂದು ಬಿಟ್ಟು ಅಡ್ಡಡ್ಡ ಹಾಸುವ ಹಳೇ ಪದ್ಧತಿ ರೆನಾಲ್ಡ್ಸನ ಗಣಿತಕ್ಕೂ ಒಪ್ಪುತ್ತದೆ. ಒತ್ತಿದ ಲೋಳೆಗೆ ಆ ಸಂದಿನಲ್ಲಿ ಜಾಗ ಸಿಗುತ್ತದೆ. ದಬ್ಬೆಗೂ ಹಾವಸೆ ಹತ್ತುತ್ತದೆ, ಆಗಾಗ ಮಗುಚಿ ಹಾಕಬೇಕು.